ಜಾಲತಾಣದ ಎಣಿಕೆ ಎಷ್ಟು ಸರಿ? ಟ್ರ್ಯಾಕಿಂಗ್ ವಿಧಾನಗಳ ನಿಖರತೆಯನ್ನು ಹೋಲಿಸಿ ನೋಡುವ ಸಮಗ್ರ ಮಾರ್ಗದರ್ಶಿ

ಒಂದೇ ಜಾಲತಾಣದ ಒಂದೇ ದಿನದ ಲೆಕ್ಕವನ್ನು ಮೂರು ಕಡೆ ತೆರೆದು ನೋಡಿದರೆ ಮೂರು ಬೇರೆ ಬೇರೆ ಸಂಖ್ಯೆಗಳು ಸಿಗುತ್ತವೆ. ಸರ್ವರ್ ಲಾಗ್‌ನಿಂದ (ಸರ್ವರ್ ತನಗೆ ಬಂದ ಬೇಡಿಕೆಗಳನ್ನು ಬರೆದಿಡುವ ಕಡತ) ತೆಗೆದ ವರದಿ ಒಂದು ಸಂಖ್ಯೆ ಹೇಳುತ್ತದೆ, ಗೂಗಲ್ ಅನಲಿಟಿಕ್ಸ್ ಅದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ, ಸಿಡಿಎನ್‌ನ (ಪುಟಗಳ ಪ್ರತಿಗಳನ್ನಿಟ್ಟುಕೊಂಡು ಓದುಗರ ಸಮೀಪದಿಂದ ಕೊಡುವ ಸರ್ವರ್‌ಗಳ ಜಾಲ) ಡ್ಯಾಶ್‌ಬೋರ್ಡ್ ಎರಡನ್ನೂ ಮೀರಿದ ಇನ್ನೊಂದು ಸಂಖ್ಯೆಯನ್ನು ಮುಂದಿಡುತ್ತದೆ. ಆಗ ಹೆಚ್ಚಿನವರು ತಮಗೆ ಹಿತವೆನಿಸಿದ ಸಂಖ್ಯೆಯನ್ನು ಆರಿಸಿಕೊಂಡು ಉಳಿದೆರಡು ತಪ್ಪೆಂದು ಬದಿಗಿಡುತ್ತಾರೆ, ಇಲ್ಲವೇ ಮೂರರ ಸರಾಸರಿ ತೆಗೆಯುತ್ತಾರೆ. ಎರಡೂ ದಾರಿಗಳು ಪ್ರಯೋಜನಕ್ಕೆ ಬರುವುದಿಲ್ಲ, ಏಕೆಂದರೆ ಈ ಮೂರೂ ವಿಧಾನಗಳು ಪುಟ ಕೇಳುವ ಬೇಡಿಕೆಯ ಪಯಣದ ಬೇರೆ ಬೇರೆ ಹಂತಗಳಲ್ಲಿ ನಿಂತು ಬೇರೆ ಬೇರೆ ವಸ್ತುಗಳನ್ನು ಎಣಿಸುತ್ತಿರುತ್ತವೆ. ಒಂದು ವಿಧಾನದ ನಿಖರತೆಯನ್ನು ಇನ್ನೊಂದು ವಿಧಾನದ ಜೊತೆಗಿಟ್ಟು ತಿಳಿಯಲಾಗದು. ಎರಡಕ್ಕೂ ಹೊರಗಿರುವ, ಸ್ವತಂತ್ರವಾಗಿ ನಂಬಬಹುದಾದ ಒಂದು ದಾಖಲೆಯ ಎದುರು ನಿಲ್ಲಿಸಿದಾಗ ಮಾತ್ರ ಯಾವುದು ಎಷ್ಟು ಕಳೆದುಕೊಳ್ಳುತ್ತಿದೆ, ಯಾವುದು ಎಷ್ಟನ್ನು ಸುಮ್ಮನೆ ಸೇರಿಸಿಕೊಳ್ಳುತ್ತಿದೆ ಎಂಬುದು ಗೊತ್ತಾಗುತ್ತದೆ. ಅಂಥ ಅಳತೆಯನ್ನು ನಿಮ್ಮದೇ ಜಾಲತಾಣದಲ್ಲಿ ಮಾಡಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲ ಹೆಜ್ಜೆ: ಎಣಿಸುವ ವಸ್ತು ಯಾವುದೆಂದು ಬರೆದಿಟ್ಟುಕೊಳ್ಳಿ

ವರದಿಗಳ ನಡುವಿನ ವ್ಯತ್ಯಾಸದಲ್ಲಿ ದೊಡ್ಡ ಪಾಲು ತಪ್ಪು ಎಣಿಕೆಯಿಂದ ಬಂದುದಾಗಿರುವುದಿಲ್ಲ, ವ್ಯಾಖ್ಯೆಯಿಂದ ಬಂದಿರುತ್ತದೆ. ಸರ್ವರ್ ಲಾಗ್‌ನಲ್ಲಿ ‘ಹಿಟ್’ ಎಂದರೆ ಒಂದು ಕಡತದ ಬೇಡಿಕೆ. ಒಂದು ಪುಟ ತೆರೆದಾಗ ಅದರ ಚಿತ್ರಗಳು, ಸ್ಟೈಲ್‌ಶೀಟ್, ಸ್ಕ್ರಿಪ್ಟ್‌ಗಳೆಲ್ಲ ಸೇರಿ ಹತ್ತಾರು ಹಿಟ್‌ಗಳಾಗುತ್ತವೆ. ಪುಟವೀಕ್ಷಣೆ, ಸೆಷನ್, ಬಳಕೆದಾರ ಇವು ಮೂರೂ ಅದಕ್ಕಿಂತ ಮೇಲಿನ ಹಂತದ ಲೆಕ್ಕಗಳು, ಮತ್ತು ಪ್ರತಿ ಹಂತ ಏರಿದಂತೆ ಊಹೆಯ ಪಾಲು ಹೆಚ್ಚುತ್ತಾ ಹೋಗುತ್ತದೆ.

ಸೆಷನ್, ಅಂದರೆ ಓದುಗನ ಒಂದು ಸಲದ ಭೇಟಿ, ಎಂಬುದನ್ನೇ ತೆಗೆದುಕೊಳ್ಳಿ. ಗೂಗಲ್ ಅನಲಿಟಿಕ್ಸ್ 4 ಮತ್ತು ಮಟೋಮೊ ಎಂಬ ಇನ್ನೊಂದು ಎಣಿಕೆ ಸಾಧನ ಎರಡರಲ್ಲೂ 30 ನಿಮಿಷ ಚಟುವಟಿಕೆ ಇಲ್ಲದಿದ್ದರೆ ಸೆಷನ್ ಮುಗಿಯಿತೆಂದು ಮೂಲ ಹೊಂದಿಕೆಯಲ್ಲಿ ಇದೆ. ಆದರೆ ಮಟೋಮೊ ಮಧ್ಯರಾತ್ರಿ ದಾಟಿದಾಗಲೂ, ಅದೇ ಓದುಗ ಹೊಸ ಪ್ರಚಾರದ ಕೊಂಡಿಯಿಂದ ಮತ್ತೆ ಬಂದಾಗಲೂ ಹೊಸ ಭೇಟಿಯನ್ನು ಆರಂಭಿಸುತ್ತದೆ. ಗೂಗಲ್ ಅನಲಿಟಿಕ್ಸ್ 4 ಇವೆರಡು ಸಂದರ್ಭಗಳಲ್ಲೂ ಹಳೆಯ ಸೆಷನ್ ಅನ್ನೇ ಮುಂದುವರಿಸುತ್ತದೆ. 2023ರ ಜುಲೈ 1ರಿಂದ ಹೊಸ ದತ್ತಾಂಶ ಸ್ವೀಕರಿಸುವುದನ್ನು ನಿಲ್ಲಿಸಿದ ಹಳೆಯ ಯೂನಿವರ್ಸಲ್ ಅನಲಿಟಿಕ್ಸ್ ಮಟೋಮೊದಂತೆಯೇ ನಡೆದುಕೊಳ್ಳುತ್ತಿತ್ತು. ಆದ್ದರಿಂದ ಆ ಕಾಲದ ವರದಿಗಳನ್ನು ಇಂದಿನವುಗಳೊಂದಿಗೆ ಹೋಲಿಸಿ ಭೇಟಿಗಳು ಕುಸಿದವೆಂದು ಹೇಳುವ ಮುನ್ನ ಈ ಬದಲಾವಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಳಕೆದಾರರ ವಿಷಯದಲ್ಲೂ ಹೀಗೆಯೇ: ಗೂಗಲ್ ಅನಲಿಟಿಕ್ಸ್ 4ರ ವರದಿಗಳಲ್ಲಿ ‘ಬಳಕೆದಾರರು’ ಎಂದು ಎದ್ದು ಕಾಣುವುದು ಸಕ್ರಿಯ ಬಳಕೆದಾರರ ಸಂಖ್ಯೆ, ಒಟ್ಟು ಬಳಕೆದಾರರ ಸಂಖ್ಯೆ ಬೇರೆ ಇರುತ್ತದೆ.

ಒಂದು ಹಾಳೆಯಲ್ಲಿ ಪ್ರತಿ ವಿಧಾನದ ಮುಂದೆ ಪುಟವೀಕ್ಷಣೆ, ಸೆಷನ್, ಬಳಕೆದಾರ ಎಂಬ ಮೂರಕ್ಕೂ ಅದು ಕೊಡುವ ಅರ್ಥವನ್ನು ಬರೆಯಿರಿ. ಅದರ ಪಕ್ಕದಲ್ಲಿ ಕಾಲವಲಯವನ್ನೂ ಬರೆಯಿರಿ. ಸರ್ವರ್ ಹೆಚ್ಚಾಗಿ ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯದಲ್ಲಿ ಬರೆಯುತ್ತದೆ, ಅನಲಿಟಿಕ್ಸ್ ನೀವು ಆರಿಸಿದ ಕಾಲವಲಯದಲ್ಲಿ ದಿನವನ್ನು ಕತ್ತರಿಸುತ್ತದೆ, ಹುಡುಕಾಟದಿಂದ ಬಂದವರ ಲೆಕ್ಕ ಕೊಡುವ ಗೂಗಲ್ ಸರ್ಚ್ ಕನ್ಸೋಲ್‌ನ ದಿನವಾರು ವರದಿ ಅಮೆರಿಕದ ಪೆಸಿಫಿಕ್ ಸಮಯವನ್ನು ಅನುಸರಿಸುತ್ತದೆ. ಇದನ್ನು ಸರಿಪಡಿಸದೆ ದಿನವಾರು ಹೋಲಿಕೆಗೆ ಇಳಿದರೆ ಇಲ್ಲದ ಏರಿಳಿತಗಳಿಗೆ ಕಾರಣ ಹುಡುಕುತ್ತಾ ಕೂರಬೇಕಾಗುತ್ತದೆ.

ಎರಡನೆಯ ಹೆಜ್ಜೆ: ಪ್ರತಿ ವಿಧಾನ ಎಲ್ಲಿ ನಿಂತು ನೋಡುತ್ತದೆ ಎಂಬುದನ್ನು ಅರಿತುಕೊಳ್ಳಿ

ಸರ್ವರ್ ಲಾಗ್ ತನ್ನ ಬಾಗಿಲಿಗೆ ಬಂದ ಪ್ರತಿ ಬೇಡಿಕೆಯನ್ನೂ ದಾಖಲಿಸುತ್ತದೆ. ಓದುಗ ಜಾವಾಸ್ಕ್ರಿಪ್ಟ್ ನಿಲ್ಲಿಸಿರಲಿ, ಆ್ಯಡ್ ಬ್ಲಾಕರ್ ಹಾಕಿಕೊಂಡಿರಲಿ, ಬೇಡಿಕೆ ಬಂದಿದ್ದರೆ ಅಲ್ಲೊಂದು ಸಾಲು ಇದ್ದೇ ಇರುತ್ತದೆ. ಅದಕ್ಕೆ ಕಾಣದಿರುವುದು ಬಾಗಿಲಿಗೆ ಬಾರದೆ ನಡೆದ ವೀಕ್ಷಣೆಗಳು: ಬ್ರೌಸರ್ ತನ್ನ ಕ್ಯಾಶ್‌ನಿಂದಲೇ (ಹಿಂದೆ ತಂದಿಟ್ಟುಕೊಂಡ ಪ್ರತಿಗಳ ಸಂಗ್ರಹ) ತೋರಿಸಿದ ಪುಟ, ಹಿಂದಿನ ಪುಟಕ್ಕೆ ಮರಳುವ ಗುಂಡಿ ಒತ್ತಿದಾಗ ನೆನಪಿನಿಂದ ಹಾಗೆಯೇ ಮೇಲೆದ್ದ ಪುಟ, ಸಿಡಿಎನ್ ತನ್ನಲ್ಲಿಟ್ಟುಕೊಂಡ ಪ್ರತಿಯಿಂದ ಕೊಟ್ಟ ಉತ್ತರ, ಮತ್ತು ಒಂದೇ ಬಾರಿ ಲೋಡ್ ಆಗಿ ಆಮೇಲೆ ಒಳಗೊಳಗೇ ವಿಳಾಸ ಬದಲಿಸುವ ಸಿಂಗಲ್ ಪೇಜ್ ಅಪ್ಲಿಕೇಶನ್‌ಗಳ ಒಳಪುಟಗಳು. ಇದರ ಜೊತೆಗೆ ಲಾಗ್‌ಗೆ ಮನುಷ್ಯ ಮತ್ತು ಯಂತ್ರದ ನಡುವಿನ ಭೇದ ತಾನಾಗಿ ತಿಳಿಯದು. ಅಲ್ಲಿ ಹೆಚ್ಚಳವಾಗುವುದು ಬಹುಪಾಲು ಇದರಿಂದಲೇ.

ಸಿಡಿಎನ್‌ನ ಎಣಿಕೆ ಲಾಗ್‌ನ ಎಣಿಕೆಯ ಹಾಗೆಯೇ, ಆದರೆ ಒಂದು ಮೆಟ್ಟಿಲು ಹೊರಗೆ. ಮೂಲ ಸರ್ವರ್‌ಗೆ ತಲುಪದ ಬೇಡಿಕೆಗಳೂ ಅದಕ್ಕೆ ಕಾಣುತ್ತವೆ, ತಡೆದು ನಿಲ್ಲಿಸಿದ ಬಾಟ್‌ಗಳೂ (ತಾವಾಗಿ ಪುಟ ಕೇಳುವ ಯಂತ್ರಗಳು) ಕಾಣುತ್ತವೆ. ಅದರ ಸಂಖ್ಯೆ ಎಲ್ಲಕ್ಕಿಂತ ದೊಡ್ಡದಾಗಿರುವುದಕ್ಕೆ ಇದೇ ಕಾರಣ.

ಜಾವಾಸ್ಕ್ರಿಪ್ಟ್ ಟ್ಯಾಗ್, ಅಂದರೆ ಗೂಗಲ್ ಅನಲಿಟಿಕ್ಸ್‌ನಂಥ ಸಾಧನಕ್ಕಾಗಿ ಪುಟದಲ್ಲಿಡುವ ಸಣ್ಣ ಸ್ಕ್ರಿಪ್ಟ್, ಬ್ರೌಸರ್‌ನೊಳಗೆ ಕುಳಿತು ನೋಡುತ್ತದೆ. ಪುಟ ಕ್ಯಾಶ್‌ನಿಂದ ಬಂದಿದ್ದರೂ ಟ್ಯಾಗ್ ಓಡುತ್ತದೆ, ಸರಳ ಬಾಟ್‌ಗಳು ಜಾವಾಸ್ಕ್ರಿಪ್ಟ್ ಓಡಿಸದ ಕಾರಣ ತಾವಾಗಿ ಹೊರಗುಳಿಯುತ್ತವೆ, ಓದುಗ ಎಷ್ಟು ಹೊತ್ತು ಪುಟವನ್ನು ಮುಂದಿಟ್ಟುಕೊಂಡಿದ್ದ ಎಂಬುದೂ ಸಿಗುತ್ತದೆ. ಆದರೆ ಅದರ ಸಂದೇಶ ಹೊರಗೆ ಹೋಗುವ ದಾರಿಯಲ್ಲಿ ಹಲವು ತಡೆಗಳಿವೆ. ತಡೆಯಬೇಕಾದ ವಿಳಾಸಗಳ ಈಸಿಪ್ರೈವಸಿಯಂಥ ಪಟ್ಟಿಗಳನ್ನು ಬಳಸುವ ಯುಬ್ಲಾಕ್ ಒರಿಜಿನ್ ಎಂಬ ಆ್ಯಡ್ ಬ್ಲಾಕರ್ ಗೂಗಲ್ ಅನಲಿಟಿಕ್ಸ್‌ನ ವಿಳಾಸಗಳನ್ನು ತಡೆಯುತ್ತದೆ; ಬ್ರೇವ್ ಬ್ರೌಸರ್ ಮೂಲ ಹೊಂದಿಕೆಯಲ್ಲೇ ತಡೆಯುತ್ತದೆ; ಟ್ರ್ಯಾಕಿಂಗ್‌ಗೆ ಒಪ್ಪಿಗೆ ಕೇಳುವ ಪಟ್ಟಿಯಲ್ಲಿ ‘ಬೇಡ’ ಎಂದವರ ವಿಷಯದಲ್ಲಿ ಟ್ಯಾಗ್ ಓಡಲೇಬಾರದು; ಪುಟ ಪೂರ್ತಿ ತೆರೆಯುವ ಮೊದಲೇ ಓದುಗ ಹಿಂದಿರುಗಿದರೆ ಟ್ಯಾಗ್‌ಗೆ ಸಮಯವೇ ಸಿಗುವುದಿಲ್ಲ. ನಿಧಾನವಾದ ಮೊಬೈಲ್ ಸಂಪರ್ಕದಲ್ಲಿ ಈ ಕೊನೆಯ ನಷ್ಟ ಸಣ್ಣದಲ್ಲ, ಮತ್ತು ಟ್ಯಾಗ್ ಅನ್ನು ಪುಟದ ತುದಿಯಲ್ಲಿಟ್ಟಷ್ಟೂ ಅದು ಬೆಳೆಯುತ್ತದೆ.

ಸರ್ವರ್ ಸೈಡ್ ಟ್ಯಾಗಿಂಗ್ ಬಗ್ಗೆ ವ್ಯಾಪಕವಾದ ಒಂದು ತಪ್ಪು ತಿಳಿವಳಿಕೆ ಇದೆ. ಹೆಸರಿನಲ್ಲಿ ಸರ್ವರ್ ಇದ್ದರೂ, ರೂಢಿಯಲ್ಲಿರುವ ಬಹುತೇಕ ಜೋಡಣೆಗಳಲ್ಲಿ ಘಟನೆ (ಓದುಗ ಮಾಡಿದ್ದನ್ನು ತಿಳಿಸುವ ಸಂದೇಶ) ಹುಟ್ಟುವುದು ಬ್ರೌಸರ್‌ನ ಜಾವಾಸ್ಕ್ರಿಪ್ಟ್‌ನಲ್ಲೇ. ಅದು ಗೂಗಲ್‌ಗೆ ನೇರವಾಗಿ ಹೋಗುವ ಬದಲು ಮೊದಲು ನಿಮ್ಮ ಉಪಡೊಮೇನ್‌ಗೆ ಬರುತ್ತದೆ ಅಷ್ಟೆ. ಬ್ರೌಸರ್‌ನಲ್ಲಿ ಸ್ಕ್ರಿಪ್ಟೇ ಓಡದಿದ್ದರೆ ಸರ್ವರ್‌ಗೆ ಏನೂ ಬಾರದು. ಆರ್ಡರ್ ದೃಢವಾದ ಕೂಡಲೇ ನಿಮ್ಮ ಅಪ್ಲಿಕೇಶನ್ನೇ ಮೆಷರ್‌ಮೆಂಟ್ ಪ್ರೊಟೊಕಾಲ್ (ಸರ್ವರ್‌ನಿಂದಲೇ ಗೂಗಲ್ ಅನಲಿಟಿಕ್ಸ್‌ಗೆ ಬರೆಯುವ ವ್ಯವಸ್ಥೆ) ಮೂಲಕ ಘಟನೆ ಕಳಿಸಿದರೆ ಮಾತ್ರ ಅದನ್ನು ನಿಜವಾದ ಸರ್ವರ್ ಕಡೆಯ ಎಣಿಕೆ ಎನ್ನಬಹುದು. ಅಲ್ಲೂ ಬ್ರೌಸರ್‌ನ ಗುರುತನ್ನು ಜೊತೆಗೆ ಕಳಿಸದಿದ್ದರೆ ಆ ಆರ್ಡರ್ ಎಲ್ಲಿಂದಲೋ ಉದುರಿದ ಹೊಸ ಬಳಕೆದಾರನ ಹೆಸರಿಗೆ ಹೋಗಿ ಸೇರುತ್ತದೆ.

ಇನ್ನು ಪ್ಲಾಸಿಬಲ್‌ನಂಥ ಕುಕಿರಹಿತ ಸಾಧನಗಳು, ಅಂದರೆ ಓದುಗನನ್ನು ಗುರುತಿಸಲು ಬ್ರೌಸರ್‌ನಲ್ಲಿ ಕುಕಿ ಎಂಬ ಸಣ್ಣ ದಾಖಲೆ ಇಡದವು. ಇವು ಐಪಿ ವಿಳಾಸ, ಯೂಸರ್ ಏಜೆಂಟ್ (ಬ್ರೌಸರ್ ತನ್ನನ್ನು ಪರಿಚಯಿಸಿಕೊಳ್ಳುವ ಸಾಲು), ಜಾಲತಾಣದ ಹೆಸರು ಮತ್ತು ದಿನಕ್ಕೊಮ್ಮೆ ಬದಲಾಗುವ ಒಂದು ಗುಪ್ತ ಸಂಖ್ಯೆಯನ್ನು ಬೆರೆಸಿ ಹ್ಯಾಶ್ ಮಾಡಿ (ಬಿಡಿಸಲಾಗದ ಸಂಕೇತವಾಗಿಸಿ), ಆ ದಿನದ ಮಟ್ಟಿಗೆ ಒಬ್ಬ ಸಂದರ್ಶಕನನ್ನು ಗುರುತಿಸುತ್ತವೆ. ಮರುದಿನ ಅದೇ ವ್ಯಕ್ತಿ ಬಂದರೆ ಹೊಸಬನೇ ಆಗುತ್ತಾನೆ. ಇದು ದೋಷವಲ್ಲ, ಖಾಸಗಿತನಕ್ಕಾಗಿ ತಿಳಿದೇ ಮಾಡಿಕೊಂಡ ಆಯ್ಕೆ. ಆದರೆ ತಿಂಗಳ ಅನನ್ಯ ಸಂದರ್ಶಕರ ಸಂಖ್ಯೆಯನ್ನು ಕುಕಿ ಆಧಾರಿತ ವರದಿಯ ಪಕ್ಕದಲ್ಲಿಡುವಾಗ ಈ ಮಾತು ನೆನಪಿನಲ್ಲಿರಬೇಕು.

ಮೂರನೆಯ ಹೆಜ್ಜೆ: ಅಳತೆಗೋಲನ್ನು ಹುಡುಕಿ

ಎಲ್ಲ ಎಣಿಕೆಗಳಿಂದಲೂ ಸ್ವತಂತ್ರವಾಗಿ ನಿಮ್ಮಲ್ಲಿ ದಾಖಲಾಗುವ, ತಪ್ಪಿಹೋಗಲು ಸಾಧ್ಯವಿಲ್ಲದ ಒಂದು ಘಟನೆ ಬೇಕು. ಮಾರಾಟದ ತಾಣದಲ್ಲಿ ಅದು ಹಣ ಪಾವತಿಯಾದ ಆರ್ಡರ್. ಸೇವೆಗಳ ತಾಣದಲ್ಲಿ ಡೇಟಾಬೇಸ್‌ಗೆ ಬಂದು ಸೇರಿದ ಅರ್ಜಿ. ಓದಿನ ತಾಣದಲ್ಲಿ ದೃಢೀಕರಿಸಿದ ಚಂದಾದಾರಿಕೆ ಅಥವಾ ಲಾಗಿನ್. ಈ ಘಟನೆಗೆ ಒಂದು ವಿಶಿಷ್ಟ ಸಂಖ್ಯೆ ಇರಬೇಕು, ಮತ್ತು ಆ ಸಂಖ್ಯೆ ಟ್ಯಾಗ್‌ನ ಘಟನೆಯಲ್ಲೂ ಸರ್ವರ್ ಲಾಗ್‌ನ ವಿಳಾಸದಲ್ಲೂ ಕಾಣಿಸಬೇಕು. ಗ್ರಾಹಕನ ಹೆಸರು, ಇಮೇಲ್, ದೂರವಾಣಿ ಸಂಖ್ಯೆ ಯಾವುದೇ ಕಾರಣಕ್ಕೂ ಈ ದಾರಿಯಲ್ಲಿ ಹೋಗಬಾರದು. ಅರ್ಥವಿಲ್ಲದ ಕ್ರಮಸಂಖ್ಯೆ ಸಾಕು.

ಡೇಟಾಬೇಸ್‌ನಲ್ಲಿ ದಾಖಲಾಗುವಂಥ ಘಟನೆ ಒಂದೂ ಇಲ್ಲದ ತಾಣಗಳಿಗೆ ಒಂದು ಉಪಾಯವಿದೆ. ಸರ್ವರ್ ಪ್ರತಿ ಪುಟವನ್ನು ಕೊಡುವಾಗ ಯಾದೃಚ್ಛಿಕ ಸಂಖ್ಯೆಯೊಂದನ್ನು ಹುಟ್ಟಿಸಿ, ಅದನ್ನು ತನ್ನ ಲಾಗ್‌ನಲ್ಲೂ ಬರೆದುಕೊಂಡು ಪುಟದೊಳಗೂ ಇಡಲಿ. ಟ್ಯಾಗ್ ಆ ಸಂಖ್ಯೆಯನ್ನು ಹಿಂದಕ್ಕೆ ಕಳಿಸಲಿ. ಆಗ ಯಾವ ಪುಟದ ಸುದ್ದಿ ಟ್ಯಾಗ್‌ನಿಂದ ಬಂತು, ಯಾವುದರದು ಬರಲಿಲ್ಲ ಎಂಬುದನ್ನು ಸಾಲು ಸಾಲಾಗಿ ಹೊಂದಿಸಬಹುದು. ಪುಟಗಳನ್ನು ಸಿಡಿಎನ್ ಇಡಿಯಾಗಿ ಕ್ಯಾಶ್ ಮಾಡುತ್ತಿದ್ದರೆ ಒಂದೇ ಸಂಖ್ಯೆ ಹಲವರಿಗೆ ಹೋಗುತ್ತದೆ, ಆದ್ದರಿಂದ ಪರೀಕ್ಷೆಗೆ ಆರಿಸಿದ ಪುಟಗಳ ಮಟ್ಟಿಗಾದರೂ ಕ್ಯಾಶ್ ಅನ್ನು ನಿಲ್ಲಿಸಬೇಕು.

ನಾಲ್ಕನೆಯ ಹೆಜ್ಜೆ: ಎಲ್ಲವನ್ನೂ ಒಟ್ಟಿಗೆ ಓಡಿಸಿ

ಹೋಲಿಸಬೇಕಾದ ವಿಧಾನಗಳೆಲ್ಲ ಒಂದೇ ಅವಧಿಯಲ್ಲಿ, ಒಂದೇ ಪುಟಗಳ ಮೇಲೆ ನಡೆಯಬೇಕು. ವಾರದ ದಿನ ಮತ್ತು ರಜಾದಿನಗಳ ಓದುಗರು ಬೇರೆ ಬೇರೆ ಸಾಧನಗಳನ್ನು ಬಳಸುವುದರಿಂದ ಪೂರ್ಣ ವಾರಗಳನ್ನೇ ತೆಗೆದುಕೊಳ್ಳಿ. ಎರಡು ವಾರಕ್ಕಿಂತ ಕಡಿಮೆ ಬೇಡ. ಈ ಅವಧಿಯಲ್ಲಿ ತಾಣದ ವಿನ್ಯಾಸವನ್ನಾಗಲಿ ಒಪ್ಪಿಗೆಯ ಪಟ್ಟಿಯನ್ನಾಗಲಿ ಬದಲಿಸಬೇಡಿ. ಸರ್ವರ್‌ಗಳ ಗಡಿಯಾರ ಎನ್‌ಟಿಪಿಗೆ (ಜಾಲದ ಮೂಲಕ ಸಮಯ ಹೊಂದಿಸುವ ವ್ಯವಸ್ಥೆ) ಹೊಂದಿಕೊಂಡಿದೆಯೇ ನೋಡಿಕೊಳ್ಳಿ. ಲಾಗ್ ಕಡತಗಳನ್ನು ಕೆಲವು ದಿನಗಳ ನಂತರ ಅಳಿಸಿಹಾಕುವ ವ್ಯವಸ್ಥೆ ಹಲವು ಹೋಸ್ಟಿಂಗ್‌ಗಳಲ್ಲಿರುತ್ತದೆ, ಅವನ್ನು ಮೊದಲೇ ಬೇರೆಡೆ ನಕಲು ಮಾಡುವ ಏರ್ಪಾಡು ಇರಲಿ. ತಾಣ ಸಿಡಿಎನ್‌ನ ಹಿಂದಿದ್ದರೆ ಲಾಗ್‌ನಲ್ಲಿ ಬೀಳುತ್ತಿರುವುದು ಓದುಗನ ಐಪಿಯೋ ಸಿಡಿಎನ್‌ನದೋ ಎಂಬುದನ್ನು ಪರೀಕ್ಷೆಗೆ ಮೊದಲೇ ನೋಡಿಕೊಳ್ಳಿ. ಎರಡನೆಯದಾದರೆ ಸಿಡಿಎನ್ ತನ್ನ ಹೆಡರ್‌ನಲ್ಲಿ (ಬೇಡಿಕೆಯ ಜೊತೆ ಹೋಗುವ ಮಾಹಿತಿಯ ಸಾಲು) ಕಳಿಸುವ ಮೂಲ ವಿಳಾಸವನ್ನು ಲಾಗ್ ಬರೆಯುವಂತೆ ಹೊಂದಿಸಬೇಕು.

ಐದನೆಯ ಹೆಜ್ಜೆ: ನೀವೇ ಭೇಟಿ ಕೊಟ್ಟು ನೋಡಿ

ನಿಜವಾದ ಓದುಗರ ದತ್ತಾಂಶ ಕೂಡಿಬರುತ್ತಿರುವಾಗಲೇ ನಿಯಂತ್ರಿತ ಪರೀಕ್ಷೆಯೊಂದನ್ನು ನಡೆಸಬಹುದು. ಇದನ್ನು ಬಿಟ್ಟುಬಿಡುವವರೇ ಹೆಚ್ಚು, ಆದರೆ ಸಂಖ್ಯೆಗಳ ಹಿಂದಿನ ಕಾರಣ ತಿಳಿಯುವುದು ಇಲ್ಲಿಯೇ. ಪ್ರತಿ ಭೇಟಿಗೂ ವಿಳಾಸದ ಕೊನೆಯಲ್ಲಿ ಒಂದು ಗುರುತು ಸೇರಿಸಿ: ಮೊದಲ ಭೇಟಿಗೆ 01, ಎರಡನೆಯದಕ್ಕೆ 02 ಹೀಗೆ. ಕ್ರೋಮ್, ಸಫಾರಿ, ಫೈರ್‌ಫಾಕ್ಸ್, ಬ್ರೇವ್‌ಗಳಲ್ಲಿ ಒಂದೊಂದು ಬಾರಿ ಸಹಜವಾಗಿ ತೆರೆಯಿರಿ. ಫೈರ್‌ಫಾಕ್ಸ್‌ನ ರಕ್ಷಣೆಯನ್ನು ಕಟ್ಟುನಿಟ್ಟಿನ ಹಂತಕ್ಕೆ ಏರಿಸಿ ಮತ್ತೊಮ್ಮೆ. ಆ್ಯಡ್ ಬ್ಲಾಕರ್ ಹಾಕಿ ಒಮ್ಮೆ. ಒಪ್ಪಿಗೆ ಕೊಟ್ಟು ಒಮ್ಮೆ, ನಿರಾಕರಿಸಿ ಒಮ್ಮೆ, ಆ ಪಟ್ಟಿಯನ್ನು ಮುಟ್ಟದೆಯೇ ಪುಟ ಓದಿ ಒಮ್ಮೆ. ಮೊಬೈಲ್‌ನಲ್ಲಿ ಪುಟ ತೆರೆಯುತ್ತಿರುವಾಗಲೇ ಬೇರೆ ಆ್ಯಪ್‌ಗೆ ಹೋಗಿಬಿಡಿ. ಎರಡನೆಯ ಪುಟಕ್ಕೆ ಹೋಗಿ ಹಿಂದಿನ ಪುಟಕ್ಕೆ ಮರಳಿ. ಪ್ರತಿಯೊಂದರ ಸಮಯವನ್ನೂ ಹಾಳೆಯಲ್ಲಿ ಬರೆದುಕೊಂಡು, ಆಮೇಲೆ ಆ ಗುರುತು ಯಾವ ವಿಧಾನದಲ್ಲಿ ಕಾಣಿಸಿತು, ಎಷ್ಟು ಬಾರಿ ಕಾಣಿಸಿತು ಎಂದು ತುಂಬಿಸಿ.

ಹಿಂದಿನ ಪುಟಕ್ಕೆ ಮರಳುವ ಪರೀಕ್ಷೆ ವಿಶೇಷ ಗಮನಕ್ಕೆ ಅರ್ಹ. ಇಂದಿನ ಬ್ರೌಸರ್‌ಗಳು ಬಿಟ್ಟುಬಂದ ಪುಟವನ್ನು ಇದ್ದ ಸ್ಥಿತಿಯಲ್ಲೇ ನೆನಪಿನಲ್ಲಿಟ್ಟು ಮರಳಿ ತೋರಿಸುತ್ತವೆ. ಆಗ ಸರ್ವರ್‌ಗೂ ಸುದ್ದಿ ಹೋಗುವುದಿಲ್ಲ, ಟ್ಯಾಗ್ ಕೂಡ ಮತ್ತೆ ಮೊದಲಿನಿಂದ ಓಡುವುದಿಲ್ಲ. ಅದನ್ನು ಹೊಸ ಪುಟವೀಕ್ಷಣೆ ಎಂದು ಎಣಿಸಬೇಕೆಂದರೆ ಪೇಜ್‌ಶೋ ಎಂಬ ಘಟನೆಯನ್ನು ಆಲಿಸುವಂತೆ ಟ್ಯಾಗ್ ಅನ್ನು ಬರೆಯಬೇಕು. ಇದಕ್ಕೆ ತದ್ವಿರುದ್ಧವಾದದ್ದು ಮುಂಗಡ ಲೋಡ್: ಓದುಗ ಒತ್ತಬಹುದೆಂದು ಊಹಿಸಿ ಕ್ರೋಮ್ ಮೊದಲೇ ಪುಟವನ್ನು ತರಿಸಿಕೊಂಡರೆ, ಓದುಗ ನೋಡದ ಪುಟವೂ ಲಾಗ್‌ನಲ್ಲಿ ವೀಕ್ಷಣೆಯಂತೆ ಕೂರುತ್ತದೆ. ಅಂಥ ಬೇಡಿಕೆಯ ಜೊತೆ ಸೆಕ್-ಪರ್ಪಸ್ ಎಂಬ ಹೆಡರ್ ಬರುತ್ತದೆ, ಆದರೆ ಲಾಗ್‌ನ ರೂಢಿಯ ಮಾದರಿಯಲ್ಲಿ ಅದು ದಾಖಲಾಗುವುದಿಲ್ಲ, ಸೇರಿಸಿಕೊಳ್ಳಬೇಕು.

ನಿಮ್ಮ ಕಚೇರಿಯ ಭೇಟಿಗಳನ್ನು ಹೊರಗಿಡುವ ಫಿಲ್ಟರ್ ಗೂಗಲ್ ಅನಲಿಟಿಕ್ಸ್‌ನಲ್ಲಿ ಚಾಲ್ತಿಯಲ್ಲಿದ್ದರೆ ಈ ಪರೀಕ್ಷೆಗಳೆಲ್ಲ ಅದರೊಳಗೆ ಸಿಕ್ಕಿ ಮಾಯವಾಗುತ್ತವೆ ಎಂಬುದನ್ನು ಮೊದಲೇ ನೋಡಿಕೊಳ್ಳಿ.

ಆರನೆಯ ಹೆಜ್ಜೆ: ಲಾಗ್ ಅನ್ನು ಜರಡಿ ಹಿಡಿಯಿರಿ

ಶುದ್ಧಗೊಳಿಸದ ಲಾಗ್ ಹೋಲಿಕೆಗೆ ಬರುವುದಿಲ್ಲ. ಅಪಾಚೆಯ ಕಂಬೈನ್ಡ್ ಮಾದರಿಯ ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಅದು ಐಪಿ ವಿಳಾಸದಿಂದ ಆರಂಭವಾಗುತ್ತದೆ, 203.0.113.25 ಎಂದಿಟ್ಟುಕೊಳ್ಳಿ. ಅನಂತರ ಸಾಮಾನ್ಯವಾಗಿ ಖಾಲಿ ಇರುವ ಎರಡು ಜಾಗಗಳಲ್ಲಿ ಅಡ್ಡಗೆರೆಗಳು, ಚೌಕ ಆವರಣದೊಳಗೆ ದಿನಾಂಕ, ಸಮಯ ಮತ್ತು ಕಾಲವಲಯ, ಉದ್ಧರಣ ಚಿಹ್ನೆಗಳ ನಡುವೆ ‘ಗೆಟ್’ ಎಂಬ ಬೇಡಿಕೆ ಮತ್ತು ಪುಟದ ವಿಳಾಸ, ಮುಂದೆ ಸ್ಥಿತಿಸಂಖ್ಯೆ 200, ಕಳಿಸಿದ ಬೈಟುಗಳು, ಓದುಗ ಯಾವ ಪುಟದಿಂದ ಬಂದ ಎಂಬ ರೆಫರರ್, ಕೊನೆಯಲ್ಲಿ ಬ್ರೌಸರ್ ತನ್ನನ್ನು ಪರಿಚಯಿಸಿಕೊಳ್ಳುವ ಯೂಸರ್ ಏಜೆಂಟ್. ಒಂದೇ ಸಾಲಿನಿಂದ ಇದು ಮನುಷ್ಯನೋ ಯಂತ್ರವೋ ಹೇಳಲಾಗದು. ಮುಂದಿನ ಸಾಲುಗಳು ಹೇಳುತ್ತವೆ. ಪುಟ ಕೇಳಿದ ಮರುಕ್ಷಣ ಅದೇ ವಿಳಾಸದಿಂದ ಸ್ಟೈಲ್‌ಶೀಟ್, ಫಾಂಟ್, ಚಿತ್ರಗಳ ಬೇಡಿಕೆ ಬಂದು, ಆಮೇಲೆ ಅರ್ಧ ನಿಮಿಷದ ಮೌನದ ನಂತರ ಮೊದಲ ಪುಟವನ್ನೇ ರೆಫರರ್ ಆಗಿ ಹೊತ್ತ ಎರಡನೆಯ ಪುಟದ ಬೇಡಿಕೆ ಬಂದರೆ ಅಲ್ಲಿ ಓದುತ್ತಿರುವವರು ಇದ್ದಾರೆ. ಅದೇ ವಿಳಾಸ ಒಂದು ನಿಮಿಷದಲ್ಲಿ 40 ಪುಟಗಳನ್ನು ರೆಫರರ್ ಇಲ್ಲದೆ, ಒಂದೂ ಚಿತ್ರ ಕೇಳದೆ ತೆಗೆದುಕೊಂಡು ಹೋಗಿದ್ದರೆ, ಯೂಸರ್ ಏಜೆಂಟ್ ಕ್ರೋಮ್ ಎಂದು ಹೇಳಿಕೊಂಡರೂ ಅದು ಬಾಟ್. ಹಿಂದೆ ಬಂದುಹೋದ ಓದುಗನ ಬ್ರೌಸರ್ ಚಿತ್ರಗಳನ್ನು ಕ್ಯಾಶ್‌ನಲ್ಲಿ ಇಟ್ಟುಕೊಂಡಿರಬಹುದಾದ್ದರಿಂದ, ಚಿತ್ರ ಕೇಳಲಿಲ್ಲ ಎಂಬ ಒಂದೇ ಲಕ್ಷಣವನ್ನು ಹಿಡಿದು ಯಾರನ್ನೂ ಹೊರಹಾಕಬಾರದು.

ಜರಡಿಯ ಕ್ರಮ ಹೀಗಿರಲಿ. ಮೊದಲು ಪುಟಗಳ ಬೇಡಿಕೆಗಳನ್ನಷ್ಟೇ ಉಳಿಸಿಕೊಳ್ಳಿ. ಸ್ಥಿತಿಸಂಖ್ಯೆಗಳಲ್ಲಿ 200 ಮತ್ತು 304 ಎರಡನ್ನೂ ಇಟ್ಟುಕೊಳ್ಳಿ. 304 ಎಂದರೆ ಪುಟ ಬದಲಾಗಿಲ್ಲವೆಂದು ಸರ್ವರ್ ಹೇಳಿತು, ಓದುಗ ತನ್ನಲ್ಲಿದ್ದ ಪ್ರತಿಯನ್ನು ನೋಡಿದ. ಮರುನಿರ್ದೇಶನಗಳನ್ನೂ ದೋಷಗಳನ್ನೂ ತೆಗೆಯಿರಿ. ನಂತರ ತಾನು ಬಾಟ್ ಎಂದು ಒಪ್ಪಿಕೊಳ್ಳುವ ಯೂಸರ್ ಏಜೆಂಟ್‌ಗಳನ್ನು, ತಾಣ ಎಚ್ಚರವಿದೆಯೇ ಎಂದು ನೋಡುವ ನಿಗಾ ಸೇವೆಗಳನ್ನು, ಡೇಟಾ ಸೆಂಟರ್‌ಗಳ ಐಪಿ ವಲಯಗಳಿಂದ ಬಂದವನ್ನು ತೆಗೆಯಿರಿ. ಕೊನೆಯಲ್ಲಿ ಮೇಲೆ ಹೇಳಿದ ನಡವಳಿಕೆಯ ಜರಡಿ. ಪ್ರತಿ ಹಂತದಲ್ಲಿ ಎಷ್ಟು ಸಾಲುಗಳು ಹೋದವು ಎಂಬುದನ್ನು ಬರೆದಿಡಿ, ಏಕೆಂದರೆ ಮುಂದೆ ಯಾರಾದರೂ ನಿಮ್ಮ ಸಂಖ್ಯೆಯನ್ನು ಪ್ರಶ್ನಿಸಿದಾಗ ಉತ್ತರ ಇರುವುದು ಈ ಪಟ್ಟಿಯಲ್ಲಿ. ಗೋಆಕ್ಸೆಸ್ ಅಥವಾ ಮಟೋಮೊದ ಲಾಗ್ ಆಮದು ಸಾಧನ ಈ ಕೆಲಸದ ಮೊದಲರ್ಧವನ್ನು ಹಗುರ ಮಾಡುತ್ತವೆ, ನಡವಳಿಕೆಯ ತೀರ್ಮಾನ ಮಾತ್ರ ನಿಮ್ಮದೇ.

ಟ್ಯಾಗ್ ಕಡೆಯಲ್ಲೂ ಬಾಟ್‌ಗಳಿಲ್ಲವೆಂದು ತಿಳಿಯಬೇಡಿ. ಗೂಗಲ್‌ಬಾಟ್ 2019ರಿಂದ ಇತ್ತೀಚಿನ ಕ್ರೋಮಿಯಂ ಬಳಸಿ ಜಾವಾಸ್ಕ್ರಿಪ್ಟ್ ಓಡಿಸುತ್ತದೆ, ಪರದೆಯಿಲ್ಲದೆ ಓಡುವ ಹೆಡ್‌ಲೆಸ್ ಬ್ರೌಸರ್‌ಗಳನ್ನು ಬಳಸಿ ಪುಟಗಳ ವಿಷಯ ಎತ್ತಿಕೊಳ್ಳುವ ಸ್ಕ್ರೇಪರ್‌ಗಳೂ ಓಡಿಸುತ್ತವೆ. ಗೂಗಲ್ ಅನಲಿಟಿಕ್ಸ್ 4 ಗೊತ್ತಿರುವ ಬಾಟ್‌ಗಳನ್ನು ತಾನಾಗಿ ಹೊರಗಿಡುತ್ತದೆ. ಗೊತ್ತಿಲ್ಲದವು ಒಳಗೇ ಉಳಿಯುತ್ತವೆ.

ಏಳನೆಯ ಹೆಜ್ಜೆ: ಒಟ್ಟು ಮೊತ್ತಗಳನ್ನು ಬಿಟ್ಟು ಸಾಲುಗಳನ್ನು ಹೊಂದಿಸಿ

ಇಡೀ ಕೆಲಸದ ಸಾರ ಇರುವುದು ಇಲ್ಲಿ. ಉದಾಹರಣೆಗಾಗಿ, ಎರಡು ವಾರಗಳಲ್ಲಿ ಡೇಟಾಬೇಸ್‌ನಲ್ಲಿ 400 ಆರ್ಡರ್‌ಗಳಿವೆ, ಟ್ಯಾಗ್‌ನ ವರದಿಯಲ್ಲಿ 352 ಇವೆ ಎಂದುಕೊಳ್ಳಿ. ಮೊತ್ತಗಳನ್ನು ಭಾಗಿಸಿದರೆ ಟ್ಯಾಗ್ 88 ಶೇಕಡಾ ಹಿಡಿದಂತೆ ಕಾಣುತ್ತದೆ. ಆದರೆ ಆರ್ಡರ್ ಸಂಖ್ಯೆಗಳನ್ನು ಒಂದೊಂದಾಗಿ ಹೊಂದಿಸಿದಾಗ ಟ್ಯಾಗ್‌ನಲ್ಲಿ ಸಿಗುವ ಬೇರೆ ಬೇರೆ ಆರ್ಡರ್‌ಗಳು 340 ಮಾತ್ರ, ಉಳಿದ 12 ಸಾಲುಗಳು ಧನ್ಯವಾದ ಹೇಳುವ ಪುಟವನ್ನು ಗ್ರಾಹಕರು ಮತ್ತೆ ತೆರೆದಾಗ ಎರಡನೆಯ ಬಾರಿ ಬಿದ್ದವು ಎಂದು ತಿಳಿಯುತ್ತದೆ. ಅಂದರೆ ಹಿಡಿತದ ಪ್ರಮಾಣ 85 ಶೇಕಡಾ. ಕಳೆದುಹೋದದ್ದು ಮತ್ತು ಹೆಚ್ಚಾಗಿ ಸೇರಿದ್ದು ಒಂದನ್ನೊಂದು ಮುಚ್ಚಿಹಾಕುವುದರಿಂದ ಮೊತ್ತಗಳ ಹೋಲಿಕೆ ಯಾವಾಗಲೂ ವಿಧಾನವನ್ನು ಇರುವುದಕ್ಕಿಂತ ಚೆನ್ನಾಗಿ ತೋರಿಸುವ ಅಪಾಯವಿದೆ. ಆದ್ದರಿಂದ ಪ್ರತಿ ವಿಧಾನಕ್ಕೂ ಎರಡು ಸಂಖ್ಯೆಗಳನ್ನು ಬೇರೆ ಬೇರೆಯಾಗಿ ಬರೆಯಿರಿ: ನಿಜವಾಗಿ ನಡೆದವುಗಳಲ್ಲಿ ಎಷ್ಟು ಪಾಲನ್ನು ಹಿಡಿಯಿತು, ತೋರಿಸಿದವುಗಳಲ್ಲಿ ಎಷ್ಟು ಪಾಲು ನಿಜ.

ಈ 85 ಕೂಡ ಒಂದು ಅಂದಾಜು. 400 ಘಟನೆಗಳ ಮೇಲೆ ನಿಂತ 85 ಶೇಕಡಾಗೆ, 95 ಶೇಕಡಾ ವಿಶ್ವಾಸದ ಮಟ್ಟದಲ್ಲಿ, ಆಚೀಚೆ ಸುಮಾರು 3.5 ಅಂಶಗಳ ಹೊಯ್ದಾಟ ಇರುತ್ತದೆ. ಘಟನೆಗಳು 100 ಮಾತ್ರ ಇದ್ದರೆ ಅದು 7ಕ್ಕೆ ಏರುತ್ತದೆ. ಎರಡು ಸಾಧನಗಳ ನಡುವೆ ಎರಡು ಅಂಶಗಳ ಅಂತರ ಕಂಡು ಒಂದನ್ನು ಕೈಬಿಡುವ ಮುನ್ನ ಈ ಲೆಕ್ಕ ಮಾಡಿ ನೋಡುವುದು ಒಳ್ಳೆಯದು.

ಮುಂದೆ ಈ ಪ್ರಮಾಣವನ್ನು ಬ್ರೌಸರ್, ಸಾಧನ, ಒಪ್ಪಿಗೆಯ ಸ್ಥಿತಿಗಳ ಪ್ರಕಾರ ಒಡೆಯಿರಿ. ಆರ್ಡರ್ ಮಾಡಿದವರ ಬ್ರೌಸರ್ ಯಾವುದೆಂದು ಸರ್ವರ್ ಲಾಗ್‌ನಿಂದ ತಿಳಿಯುತ್ತದೆ. ಯೂಸರ್ ಏಜೆಂಟ್‌ನಿಂದ ಬ್ರೌಸರ್‌ನ ಹೆಸರು ಮತ್ತು ಮುಖ್ಯ ಆವೃತ್ತಿಯನ್ನಷ್ಟೇ ನಂಬಿ. ಕ್ರೋಮ್ ಹಂತಹಂತವಾಗಿ ಈ ಮಾಹಿತಿಯನ್ನು ಕಡಿಮೆ ಮಾಡಿದ್ದರಿಂದ ಕ್ರೋಮ್ ಬಳಸುವ ಆಂಡ್ರಾಯ್ಡ್ ಫೋನ್‌ಗಳೆಲ್ಲ ಇಂದು ‘ಆಂಡ್ರಾಯ್ಡ್ 10, ಕೆ’ ಎಂಬ ಒಂದೇ ಗುರುತಿನಲ್ಲಿ ಕಾಣಿಸಿಕೊಳ್ಳುತ್ತವೆ. ಬ್ರೇವ್ ಕೂಡ ತನ್ನನ್ನು ಕ್ರೋಮ್ ಎಂದೇ ಪರಿಚಯಿಸಿಕೊಳ್ಳುತ್ತದೆ. ಹೀಗೆ ಒಡೆದಾಗ ನಷ್ಟ ಎಲ್ಲ ಕಡೆ ಸಮನಾಗಿ ಹಂಚಿಕೊಂಡಿಲ್ಲ ಎಂಬುದು ಕಾಣುತ್ತದೆ, ಮತ್ತು ಕೊಳ್ಳುವವರಲ್ಲಿ ಕಂಡ ಪ್ರಮಾಣವನ್ನು ಬರಿದೇ ಓದಿ ಹೋಗುವವರಿಗೂ ನೇರವಾಗಿ ಅನ್ವಯಿಸಬಾರದು ಎಂಬುದಕ್ಕೆ ಕಾರಣವೂ ಸಿಗುತ್ತದೆ: ಎರಡು ಗುಂಪುಗಳ ಬ್ರೌಸರ್‌ಗಳ ಮಿಶ್ರಣವೇ ಬೇರೆ. ಪ್ರತಿ ಬ್ರೌಸರ್‌ನ ಪ್ರಮಾಣವನ್ನು, ಶುದ್ಧಗೊಳಿಸಿದ ಲಾಗ್‌ನಲ್ಲಿ ಎಲ್ಲ ಓದುಗರ ನಡುವೆ ಅದಕ್ಕಿರುವ ಪಾಲಿನಿಂದ ತೂಗಿ ಕೂಡಿಸಿದರೆ ಸಮೀಪದ ಅಂದಾಜು ಬರುತ್ತದೆ.

ಡೇಟಾಬೇಸ್‌ನ ಅಳತೆಗೋಲು ಇಲ್ಲದವರು ಕೆಲವೊಮ್ಮೆ ವನ್ಯಜೀವಿ ಗಣತಿಯ ಸೂತ್ರವನ್ನು ತರುತ್ತಾರೆ: ಎರಡು ಸಾಧನಗಳು ಕಂಡ ಸಂಖ್ಯೆಗಳನ್ನು ಗುಣಿಸಿ, ಎರಡೂ ಸಾಮಾನ್ಯವಾಗಿ ಕಂಡ ಸಂಖ್ಯೆಯಿಂದ ಭಾಗಿಸಿದರೆ ಒಟ್ಟು ಸಿಗುತ್ತದೆ ಎಂದು. ಎರಡೂ ಪರಸ್ಪರ ಸ್ವತಂತ್ರವಾಗಿದ್ದರೆ ಅದು ಸರಿ. ಎರಡು ಜಾವಾಸ್ಕ್ರಿಪ್ಟ್ ಟ್ಯಾಗ್‌ಗಳು ಸ್ವತಂತ್ರವಲ್ಲ. ಒಂದನ್ನು ತಡೆಯುವ ಬ್ಲಾಕರ್ ಇನ್ನೊಂದನ್ನೂ ತಡೆಯುತ್ತದೆ, ಎರಡೂ ಕಾಣದವರು ಒಂದೇ ಜನ. ಆದ್ದರಿಂದ ಈ ಸೂತ್ರ ಕೊಡುವ ಒಟ್ಟು ಸಂಖ್ಯೆ ನಿಜಕ್ಕಿಂತ ಕಡಿಮೆ ಇರುತ್ತದೆ, ಮತ್ತು ಎರಡು ಟ್ಯಾಗ್‌ಗಳ ವರದಿ ಒಂದಕ್ಕೊಂದು ಚೆನ್ನಾಗಿ ಹೊಂದುತ್ತಿದೆ ಎಂಬುದು ಎರಡೂ ಸರಿಯಾಗಿವೆ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ.

ಎಂಟನೆಯ ಹೆಜ್ಜೆ: ಬಳಕೆದಾರರ ಸಂಖ್ಯೆಯನ್ನು ಪ್ರತ್ಯೇಕವಾಗಿ ಪರೀಕ್ಷಿಸಿ

ಎಲ್ಲ ಅಳತೆಗಳಲ್ಲಿ ದುರ್ಬಲವಾದದ್ದು ಇದು. ಗೂಗಲ್ ಅನಲಿಟಿಕ್ಸ್ ತನ್ನ ಕುಕಿಯನ್ನು ಎರಡು ವರ್ಷದ ಆಯುಸ್ಸಿನೊಂದಿಗೆ ಇಡುತ್ತದೆ, ಆದರೆ ಸಫಾರಿ 2019ರಿಂದ ಜಾವಾಸ್ಕ್ರಿಪ್ಟ್ ಇಡುವ ಕುಕಿಗಳ ಆಯುಸ್ಸನ್ನು 7 ದಿನಗಳಿಗೆ ಇಳಿಸಿದೆ. ಎಂಟು ದಿನ ಬಿಟ್ಟು ಐಫೋನ್‌ನಿಂದ ಮರಳಿ ಬಂದ ಓದುಗ ವರದಿಯಲ್ಲಿ ಹೊಸಬ. ಸರ್ವರ್ ತಾನೇ ಇಡುವ ಕುಕಿಗೆ ಈ ಮಿತಿ ಇಲ್ಲವಾದರೂ, ಕುಕಿ ಇಡುವ ಉಪಡೊಮೇನ್ ಬೇರೆಯವರ ಸರ್ವರ್‌ಗೆ ಕೊಂಡಿಯಾಗಿದೆ ಎಂದು ಕಂಡರೆ ಸಫಾರಿ ಅಲ್ಲೂ ಅದೇ 7 ದಿನಗಳನ್ನು ಹೇರುತ್ತದೆ. ಐಪಿ ವಿಳಾಸವನ್ನು ನಂಬುವ ವಿಧಾನಗಳಲ್ಲಿ ತಪ್ಪು ಎರಡೂ ದಿಕ್ಕಿಗೆ ಹೋಗುತ್ತದೆ: ಮೊಬೈಲ್ ಜಾಲಗಳಲ್ಲಿ ನೂರಾರು ಜನ ಒಂದೇ ಸಾರ್ವಜನಿಕ ವಿಳಾಸದ ಹಿಂದಿದ್ದು ಒಬ್ಬರಾಗಿ ಕಾಣಬಹುದು, ಒಬ್ಬರೇ ವೈಫೈನಿಂದ ಮೊಬೈಲ್ ಜಾಲಕ್ಕೆ ದಾಟಿದಾಗ ಇಬ್ಬರಾಗಿ ಕಾಣಬಹುದು.

ನಿಮ್ಮ ತಾಣದಲ್ಲಿ ಲಾಗಿನ್ ಇದ್ದರೆ ಪರೀಕ್ಷೆ ಸುಲಭ. ಕಳೆದ 30 ದಿನಗಳಲ್ಲಿ ಲಾಗಿನ್ ಆದ ಖಾತೆಗಳನ್ನು ತೆಗೆದುಕೊಂಡು, ಪ್ರತಿ ಖಾತೆಯ ಹಿಂದೆ ಸಾಧನವು ಎಷ್ಟು ಬೇರೆ ಬೇರೆ ಬಳಕೆದಾರರನ್ನು ಕಂಡಿದೆ ಎಂದು ಎಣಿಸಿ. ಆ ಸರಾಸರಿಯೇ ನಿಮ್ಮ ಉಬ್ಬರದ ಅಳತೆ. ಪದೇಪದೇ ಬಾರದ ಸಾಮಾನ್ಯ ಓದುಗರಲ್ಲಿ ಈ ಉಬ್ಬರ ಬೇರೆ ಇರುತ್ತದೆ ಎಂಬ ಟಿಪ್ಪಣಿಯನ್ನು ಜೊತೆಗೆ ಬರೆಯಿರಿ.

ಈ ಸಂಖ್ಯೆಯನ್ನು ಸರಿಪಡಿಸುವ ಆತುರದಲ್ಲಿ ಫಾಂಟ್, ಪರದೆಯ ಅಳತೆ, ಗ್ರಾಫಿಕ್ಸ್ ಲಕ್ಷಣಗಳನ್ನು ಸೇರಿಸಿ ಓದುಗನ ಬೆರಳಚ್ಚು ತೆಗೆಯುವ ದಾರಿಗೆ ಇಳಿಯಬೇಡಿ. ಟ್ರ್ಯಾಕ್ ಮಾಡಬೇಡಿ ಎಂದು ಸ್ಪಷ್ಟವಾಗಿ ಹೇಳಿದವರನ್ನು ಹಿಂಬಾಗಿಲಿನಿಂದ ಗುರುತಿಸುವುದು ಅವರಿಗೆ ಮಾಡುವ ಅನ್ಯಾಯ, ಮತ್ತು ಯುರೋಪಿನ ಒಕ್ಕೂಟದ ನಿಯಮಗಳಡಿ ಅದಕ್ಕೂ ಒಪ್ಪಿಗೆ ಬೇಕು. ಹಿಡಿತದ ಪ್ರಮಾಣ ಗೊತ್ತಿದ್ದರೆ ಸಾಕು. ಉಳಿದವರು ಯಾರೆಂದು ತಿಳಿಯುವ ಅಗತ್ಯವಿಲ್ಲ.

ಒಂಬತ್ತನೆಯ ಹೆಜ್ಜೆ: ಎಲ್ಲಿಂದ ಬಂದರು ಎಂಬುದರ ಪರೀಕ್ಷೆ

ಇದಕ್ಕೆ ಹೆಚ್ಚು ಶ್ರಮ ಬೇಡ. ಇಮೇಲ್, ಸಂದೇಶದ ಆ್ಯಪ್, ಸಾಮಾಜಿಕ ಜಾಲ, ಪಿಡಿಎಫ್ ಕಡತ ಹೀಗೆ ಓದುಗರು ಬರುವ ಪ್ರತಿ ಮೂಲದಲ್ಲೂ ಯುಟಿಎಂ ಗುರುತು (ಮೂಲವನ್ನು ಹೇಳಲು ವಿಳಾಸದ ಬಾಲಕ್ಕೆ ಸೇರಿಸುವ ಪದಗಳು) ಹಾಕಿದ ಒಂದು ಕೊಂಡಿ, ಹಾಕದ ಒಂದು ಕೊಂಡಿ ಇಟ್ಟು ಎರಡನ್ನೂ ಒತ್ತಿ ನೋಡಿ. ಗುರುತಿಲ್ಲದ ಕೊಂಡಿಗಳಲ್ಲಿ ಹಲವು ‘ನೇರ ಭೇಟಿ’ ಎಂಬ ಹೆಸರಿಗೆ ಹೋಗಿ ಬೀಳುತ್ತವೆ, ಏಕೆಂದರೆ ಹಲವು ಆ್ಯಪ್‌ಗಳು ರೆಫರರ್ ಕಳಿಸುವುದಿಲ್ಲ. ಗುರುತು ಇದ್ದ ಕೊಂಡಿಯೂ ನೇರ ಭೇಟಿಯಾಗಿ ಕಂಡರೆ ನಿಮ್ಮ ತಾಣದ ಯಾವುದೋ ಮರುನಿರ್ದೇಶನ ವಿಳಾಸದ ಬಾಲವನ್ನು ಕತ್ತರಿಸುತ್ತಿದೆ. ಅದನ್ನು ಅಂದೇ ಸರಿಪಡಿಸಿ.

ಹತ್ತನೆಯ ಹೆಜ್ಜೆ: ವರದಿಯೇ ಮಾಡುವ ಅಂದಾಜನ್ನು ಬೇರ್ಪಡಿಸಿ

ಸಂಗ್ರಹವಾದ ದತ್ತಾಂಶ ಸರಿಯಿದ್ದರೂ ಅದನ್ನು ತೋರಿಸುವ ಹಂತದಲ್ಲಿ ಬದಲಾವಣೆಗಳಾಗುತ್ತವೆ. ಗೂಗಲ್ ಅನಲಿಟಿಕ್ಸ್ 4 ಬಳಕೆದಾರರು ಮತ್ತು ಸೆಷನ್‌ಗಳನ್ನು ಹೈಪರ್‌ಲಾಗ್‌ಲಾಗ್ ಪ್ಲಸ್ ಪ್ಲಸ್ ಎಂಬ ಕ್ರಮಾವಳಿಯಿಂದ ಅಂದಾಜಿಸುತ್ತದೆ. ಸಣ್ಣ ಗುಂಪುಗಳ ಸಾಲುಗಳನ್ನು ಖಾಸಗಿತನದ ಕಾರಣಕ್ಕೆ ಮರೆಮಾಡುತ್ತದೆ. ಒಪ್ಪಿಗೆ ಕೊಡದವರ ಜಾಗದಲ್ಲಿ ಮಾದರಿಯಿಂದ ಊಹಿಸಿದ ಸಂಖ್ಯೆಯನ್ನು ಸೇರಿಸಬಹುದು. ದಿನದ ಲೆಕ್ಕ ನೆಲೆಗೊಳ್ಳಲು 24ರಿಂದ 48 ಗಂಟೆ ಹಿಡಿಯಬಹುದು. ಆದ್ದರಿಂದ ಹೋಲಿಕೆಗೆ ಪರದೆಯ ವರದಿಯನ್ನು ಬಳಸದೆ ಗೂಗಲ್‌ನ ದತ್ತಾಂಶ ಸಂಗ್ರಹ ಸೇವೆಯಾದ ಬಿಗ್‌ಕ್ವೆರಿಗೆ ರಫ್ತಾಗುವ ಮೂಲ ಘಟನೆಗಳನ್ನು ಬಳಸಿ. ಉಚಿತ ಖಾತೆಗಳಲ್ಲಿ ಈ ದೈನಂದಿನ ರಫ್ತಿಗೆ 10 ಲಕ್ಷ ಘಟನೆಗಳ ಮಿತಿ ಇದೆ. ಹಳೆಯ ದಿನಗಳಿಗೆ ರಫ್ತು ಹಿಂದಿರುಗಿ ನಡೆಯುವುದಿಲ್ಲವಾದ್ದರಿಂದ ನಾಲ್ಕನೆಯ ಹೆಜ್ಜೆಗೆ ಮೊದಲೇ ಅದನ್ನು ಆರಂಭಿಸಿರಬೇಕು.

ಹನ್ನೊಂದನೆಯ ಹೆಜ್ಜೆ: ಪ್ರಶ್ನೆಗೆ ತಕ್ಕ ವಿಧಾನವನ್ನು ನಿಗದಿಪಡಿಸಿ

ಈಗ ನಿಮ್ಮ ಬಳಿ ಪ್ರತಿ ವಿಧಾನದ ಹಿಡಿತ ಮತ್ತು ಸುಳ್ಳು ಸೇರ್ಪಡೆಯ ಪ್ರಮಾಣಗಳಿವೆ. ಆದಾಯ, ಆರ್ಡರ್, ಅರ್ಜಿಗಳ ಸಂಖ್ಯೆಗೆ ಡೇಟಾಬೇಸ್ ಒಂದೇ ಅಧಿಕೃತ ಮೂಲವಾಗಿರಲಿ. ಅನಲಿಟಿಕ್ಸ್‌ನಿಂದ ಆ ಸಂಖ್ಯೆಗಳನ್ನು ಎತ್ತಿ ವರದಿ ಬರೆಯುವ ಪದ್ಧತಿಯನ್ನು ನಿಲ್ಲಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಸರ್ವರ್‌ನ ಹೊರೆ, ಸಿಗದ ಪುಟಗಳು, ಸರ್ಚ್ ಎಂಜಿನ್ ಬಾಟ್‌ಗಳ ಓಡಾಟ ಇವಕ್ಕೆ ಲಾಗ್ ಬಿಟ್ಟರೆ ಬೇರೆ ಗತಿಯಿಲ್ಲ. ಓದಿನ ಅವಧಿ, ಪುಟದೊಳಗಿನ ಒತ್ತುವಿಕೆ, ಒಂದು ಪುಟದಿಂದ ಇನ್ನೊಂದಕ್ಕೆ ಸಾಗುವ ದಾರಿ ಇವು ಟ್ಯಾಗ್‌ನ ಕ್ಷೇತ್ರ. ಅಲ್ಲಿ ಒಟ್ಟು ಸಂಖ್ಯೆಗಿಂತ ಅನುಪಾತಗಳನ್ನು ನೋಡಿ.

ಪ್ರವೃತ್ತಿಯನ್ನು ಗಮನಿಸುವುದಕ್ಕೆ, ನಷ್ಟ ಹೆಚ್ಚಿದ್ದರೂ ಸ್ಥಿರವಾಗಿರುವ ವಿಧಾನವೇ ಮೇಲು. ವಾರವಾರವೂ 80 ಶೇಕಡಾ ಹಿಡಿಯುವ ಟ್ಯಾಗ್, ಒಮ್ಮೆ 95 ಒಮ್ಮೆ 75 ಹಿಡಿಯುವ ಟ್ಯಾಗ್‌ಗಿಂತ ನಂಬಿಕೆಗೆ ಅರ್ಹ, ಏಕೆಂದರೆ ಮೊದಲನೆಯದರ ಏರಿಕೆ ಓದುಗರ ಏರಿಕೆಯನ್ನು ತೋರಿಸುತ್ತದೆ, ಎರಡನೆಯದರ ಏರಿಕೆ ಏನನ್ನು ತೋರಿಸುತ್ತದೆಯೋ ಹೇಳಲಾಗದು. ಈ ಸ್ಥಿರತೆಯನ್ನು ತಿಳಿಯಲು ಹಿಡಿತದ ಪ್ರಮಾಣವನ್ನು ಎರಡು ವಾರಗಳಿಗೆ ಒಟ್ಟಾಗಿ ತೆಗೆಯುವುದರ ಜೊತೆಗೆ ವಾರವಾರಕ್ಕೂ ಬೇರೆಯಾಗಿ ತೆಗೆಯಬೇಕು, ಮತ್ತು ಮುಂದೆಯೂ ತೆಗೆಯುತ್ತಲೇ ಇರಬೇಕು. ಆರ್ಡರ್ ಸಂಖ್ಯೆಗಳ ಹೊಂದಾಣಿಕೆಯನ್ನು ಒಂದು ಸಣ್ಣ ಕ್ವೆರಿಯಾಗಿ ಬರೆದು ವಾರಕ್ಕೊಮ್ಮೆ ತಾನಾಗಿ ಓಡುವಂತೆ ಮಾಡಿದರೆ ಕೆಲಸ ಮುಗಿಯಿತು. ವರದಿಯ ಮೇಲ್ಭಾಗದಲ್ಲಿ ಆ ವಾರದ ಹಿಡಿತದ ಪ್ರಮಾಣವನ್ನೂ, ಅದರ ಪಕ್ಕದಲ್ಲಿ ಆ ವಾರ ಆದ ಬದಲಾವಣೆಗಳನ್ನೂ ದಿನಾಂಕದೊಡನೆ ನಮೂದಿಸಿ: ಒಪ್ಪಿಗೆ ಪಟ್ಟಿಯ ಹೊಸ ವಿನ್ಯಾಸ, ಟ್ಯಾಗ್‌ನ ಸ್ಥಳಾಂತರ, ಸಿಡಿಎನ್‌ನ ಕ್ಯಾಶ್ ನಿಯಮ, ಯಾವುದಾದರೂ ಬ್ರೌಸರ್‌ನ ದೊಡ್ಡ ಬಿಡುಗಡೆ. ಪ್ರಮಾಣ ಮೇಲೆ ಹೇಳಿದ ಹೊಯ್ದಾಟದ ಮಿತಿಯನ್ನು ದಾಟಿ ಕುಸಿದ ವಾರ, ಆ ಪಟ್ಟಿಯ ಕೊನೆಯ ನಮೂದಿನಿಂದ ಆರಂಭಿಸಿ ಐದನೆಯ ಹೆಜ್ಜೆಯ ಭೇಟಿಗಳನ್ನು ಮತ್ತೆ ನಡೆಸಿ.